ಮೂರನೆಯ ಕೊಕ್ಕೆ

ಫೋಟೊ ಕೂಟದಲ್ಲಿ ಆಕೆಯನ್ನು ಎಲ್ಲರೂ ದುರ್ಬೀನಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೆನ್ನ ಹಿಂದಿನ ಮಾತು ಕೇಳಿಸದಷ್ಟು ಮಂದವಾದ ಕಿವಿ ಆಕೆಯದಲ್ಲ. ಆ ಹೆಸರಿನಿಂದ ಬೇಸರವೇನೂ ಆಗಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಒಂದಿಷ್ಟು ಜಂಬವಿತ್ತು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವುದು ಆಕೆಯ ಕೆಲಸ. ಬೇರೆಯವರ ರಕ್ತದಲ್ಲಿ ಅವರಿಗೇ ಗೊತ್ತಿಲ್ಲದ್ದನ್ನು ಹುಡುಕಿ ತೆಗೆಯುವವಳು ಬೇರೆಯವರ ಫೋಟೊದಲ್ಲಿ ಸುಮ್ಮನಿರುತ್ತಾಳೆಯೇ?

ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಹೊಲಿಗೆ ತರಬೇತಿ ಶಾಲೆಯ ಮಹಡಿಯ ಮೇಲೆ ಕೂಟ ಸೇರುತ್ತಿತ್ತು. ಹೊಲಿಗೆ ಯಂತ್ರಗಳನ್ನೆಲ್ಲ ಗೋಡೆಗೆ ತಳ್ಳಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಎದುರಿನ ಬಿಳಿ ಗೋಡೆಯ ಮೇಲೆ ಚಿತ್ರಗಳನ್ನು ಬಿಡುತ್ತಿದ್ದರು. ಬಿಡುವವರು ಸಲೂನಿನವರು. ಎಲ್ಲರೂ ತಮ್ಮ ಚಿತ್ರಗಳನ್ನು ಅವರಿಗೇ ಕಳಿಸಬೇಕು. ಯಾವುದು ಯಾರದ್ದೆಂದು ಅವರೊಬ್ಬರಿಗೇ ಗೊತ್ತು, ಅವರು ಸತ್ತರೂ ಬಾಯಿ ಬಿಡುವವರಲ್ಲ. ದಿನವಿಡೀ ಊರಿನವರ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಅವರ ಗುಟ್ಟನ್ನೆಲ್ಲ ಕೇಳಿಯೂ ಒಂದನ್ನೂ ಹೊರಗೆ ಹಾಕದ ಮನುಷ್ಯ.

ಕೂಟದ ಕಟ್ಟಳೆ ಸರಳವಾಗಿತ್ತು. ಚಿತ್ರಕ್ಕೆ ಹೆಸರಿಲ್ಲ. ತೆಗೆದವರು ಅಲ್ಲೇ ಕೂತಿದ್ದರೂ ತುಟಿ ಪಿಟಕ್ಕೆನ್ನಬಾರದು. ಅಭಿಪ್ರಾಯ ಹೇಳುವವರು ಮೂರು ಮಾತು ಹೇಳಬೇಕು: ಕಂಡದ್ದು, ಅನಿಸಿದ್ದು, ತಿದ್ದಬೇಕಾದದ್ದು. ಮನೆಯಲ್ಲೇ ಉಳಿದವರಿಗೂ ಕೇಳಲೆಂದು ಸಲೂನಿನವರು ಎಲ್ಲ ಮಾತನ್ನೂ ಫೋನಿನಲ್ಲಿ ಹಿಡಿದಿಟ್ಟು, ಆಯಾ ಚಿತ್ರದವರಿಗೆ ಇದ್ದದ್ದು ಇದ್ದ ಹಾಗೆ ಕಳಿಸಿಬಿಡುತ್ತಿದ್ದರು. ಹೆಸರು ಗೊತ್ತಿಲ್ಲದಾಗ ಹೇಳಿದ್ದೇ ನಿಜವಾದ ಅಭಿಪ್ರಾಯ, ಹೆಸರು ಗೊತ್ತಾದ ಮೇಲೆ ಹೇಳುವುದೆಲ್ಲ ಬರೀ ಮರ್ಯಾದೆ ಎಂಬುದು ಅವರ ನಂಬಿಕೆ.

ದುರ್ಬೀನಮ್ಮ ಮಾತಾಡಿದರೆ ಕೋಣೆಯಲ್ಲಿ ಸದ್ದಿರುತ್ತಿರಲಿಲ್ಲ. ಯಾರೋ ತೆಗೆದ ಬೀದಿನಾಯಿಯ ಚಿತ್ರ ಬಂದಾಗ ಉಳಿದವರೆಲ್ಲ "ಮುದ್ದಾಗಿದೆ" ಎಂದು ಕೈ ತೊಳೆದುಕೊಂಡರೆ, ಆಕೆ ಹೇಳಿದ್ದು ಹೀಗೆ: "ಅದರ ಕಿವಿ ನೋಡಿ. ಫೋಟೊ ತೆಗೆದವರ ಕಡೆ ಇಲ್ಲ. ಎಡಗಡೆ ಯಾರೋ ಕರ್ದಿದ್ದಾರೆ. ಕರೆದವರನ್ನ ಚಿತ್ರದಿಂದ ಹೊರಗೇ ಇಟ್ಟಿದ್ದೀರಲ್ಲ, ಅದೇ ಇದರ ಚೆಂದ. ಆದ್ರೆ ಬಾಲ ಕತ್ತರಿಸಬಾರದಿತ್ತು. ನಾಯಿ ಖುಷಿಯಾಗಿದೆಯೋ ಹೆದರಿದೆಯೋ ಗೊತ್ತಾಗೋದೇ ಬಾಲದಿಂದ." ಹೀಗೆ ಹೊಗಳುತ್ತಲೇ ಕಿವಿ ಹಿಂಡುವುದು ಎಲ್ಲರಿಗೂ ಬರುವುದಿಲ್ಲ.

ಇಂಥ ದುರ್ಬೀನಮ್ಮನ ತಲೆಗೆ ಹುಳ ಹೊಕ್ಕದ್ದು ಒಂದು ತೋಳಿನ ಚಿತ್ರದಿಂದ.

ಗಂಡಸಿನ ತೋಳು. ಸೋಫಾದ ಅಂಚಿನಿಂದ ಕೆಳಗೆ ಇಳಿಬಿದ್ದಿದೆ, ಗಾಢ ನಿದ್ದೆ. ಉಗುರಿನ ಸಂದಿಯಲ್ಲಿ ಕಪ್ಪು ಮಸಿ. ಮಣಿಕಟ್ಟಿನ ಹತ್ತಿರ ಅರ್ಧಚಂದ್ರದಂಥ ಹಳೆಯ ಸುಟ್ಟ ಕಲೆ. ಪರದೆಯ ಸಂದಿಯಿಂದ ಬೆಳಗಿನ ಬಿಸಿಲಿನ ಒಂದು ಪಟ್ಟಿ ಬಂದು ಆ ಕಲೆಯ ಮೇಲೇ ಕೂತಿದೆ.

ಆ ಕಲೆಗೆ ಮುಲಾಮು ಹಚ್ಚಿದ್ದೇ ಆಕೆ. ಗಂಡ ಮುದ್ರಣಾಲಯದಲ್ಲಿ ರಾತ್ರಿ ಪಾಳಿಯವನು. ಬೆಳಕು ಹರಿಯುವ ಹೊತ್ತಿಗೆ ಬಂದು, ಆಕೆ ಲ್ಯಾಬಿಗೆ ಹೊರಟ ಮೇಲೆ ಹೊರಗಿನ ಕೋಣೆಯ ಸೋಫಾದ ಮೇಲೆ ಬಿದ್ದುಕೊಂಡರೆ ಏಳುವುದು ಮಧ್ಯಾಹ್ನಕ್ಕೆ. ಮಾವ ಬೆಳಿಗ್ಗೆಯೇ ಉದ್ಯಾನದ ಕಡೆ ಹೋಗಿಬಿಡುತ್ತಾರೆ ಎಂದು ಆಕೆಯ ಲೆಕ್ಕ. ಹಾಗಾದರೆ ಈ ತೋಳಿನ ಇಷ್ಟು ಹತ್ತಿರ, ಇಷ್ಟು ಮೆಲ್ಲಗೆ ಬಂದು ಕೂತವರು ಯಾರು?

"ರಾತ್ರಿಯೆಲ್ಲ ದುಡಿದು ಬಂದಿರೋ ಕೈ ಅನ್ಸುತ್ತೆ, ಪಾಪ," ಎಂದಳು ಹಿಂದಿನ ಸಾಲಿನಲ್ಲಿ ಕೂತಿದ್ದ ಹೂವಿನಂಗಡಿಯಾಕೆ. ಹೊಸದಾಗಿ ಕೂಟ ಸೇರಿದವಳು. ನಗುಮುಖ, ದೊಡ್ಡ ದನಿ, ಕಿವಿಯಲ್ಲಿ ತೂಗುವ ಓಲೆ.

ದುರ್ಬೀನಮ್ಮ ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಬೆಳಗಿನ ಬಿಸಿಲಲ್ಲಿ ಮಲಗಿದವನು ರಾತ್ರಿ ದುಡಿದಿದ್ದಾನೆಂದು ಊಹಿಸಲು ದೊಡ್ಡ ಬುದ್ಧಿಯೇನೂ ಬೇಡ. ಆದರೆ ಸಂಶಯ ಬಂದವರಿಗೆ ಸುಲಭದ ಉತ್ತರ ರುಚಿಸುವುದಿಲ್ಲ. ಹೂವಿನಂಗಡಿ ಇರುವುದು ಮುದ್ರಣಾಲಯದ ದಾರಿಯಲ್ಲಿ ಎಂಬುದು ಆ ಕ್ಷಣವೇ ಆಕೆಗೆ ನೆನಪಾಯಿತು.

"ನೀವೇನೂ ಹೇಳ್ಲಿಲ್ವಲ್ಲ?" ಎಂದರು ಸಲೂನಿನವರು.

"ಹೇಳೋಕೇನಿಲ್ಲ," ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಆ ಮಾತು ಆಡಿದ್ದು ಅದೇ ಮೊದಲು.

ಮನೆಗೆ ಬಂದವಳೇ, ಸಲೂನಿನವರು ಪ್ರತಿ ಸಲ ಎಲ್ಲರಿಗೂ ಕಳಿಸುತ್ತಿದ್ದ ಕೂಟದ ಹಳೆಯ ಚಿತ್ರಗಳನ್ನೆಲ್ಲ ಫೋನಿನಲ್ಲಿ ಒಂದೊಂದಾಗಿ ತೆರೆದು ನೋಡಿದಳು. ಹಿಂದಿನ ಸಲದ ಒಂದು ಚಿತ್ರದ ಮೇಲೆ ಬೆರಳು ನಿಂತಿತು. ಒಲೆಯ ಮೇಲಿನ ಸ್ಟೀಲಿನ ಕೆಟಲ್ಲು, ಮೂತಿಯಿಂದ ಎದ್ದ ಆವಿ. ಆ ದಿನ ಆಕೆಯೇ ಅದನ್ನು ಬಾಯ್ತುಂಬ ಹೊಗಳಿದ್ದಳು. "ಆವಿ ಇನ್ನೂ ದಾರಿ ಹುಡುಕ್ತಿದೆ, ಅಷ್ಟರಲ್ಲೇ ಹಿಡಿದಿದ್ದಾರೆ. ಕಾಯೋದು ಗೊತ್ತಿರೋ ಕೈ ಇದು. ಈ ಕೈಯವರು ಇನ್ನಷ್ಟು ಚಿತ್ರ ತೆಗೀಬೇಕು," ಎಂದಿದ್ದಳು. ಈಗ ನೋಡಿದರೆ ಕೆಟಲ್ಲಿನ ಹೊಟ್ಟೆಯಲ್ಲಿ ಒಂದು ತಗ್ಗು. ಸಿಟ್ಟಿನಲ್ಲಿ ತಾನೇ ನೆಲಕ್ಕೆ ಕುಕ್ಕಿ ಮಾಡಿದ ತಗ್ಗು! ಊರವರ ನಾಯಿಯ ಕಿವಿ ಎತ್ತ ತಿರುಗಿದೆ ಎಂದು ಹೇಳಬಲ್ಲವಳು ತನ್ನ ಮನೆಯ ಕೆಟಲ್ಲನ್ನೇ ಗುರುತಿಸದೆ ಹೊಗಳಿ ಬಂದಿದ್ದಳು.

ಚಿತ್ರವನ್ನು ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದಳು. ಕೆಟಲ್ಲಿನ ಹೊಳಪಿನಲ್ಲಿ ತೆಗೆದವರ ನೆರಳು ಸೊಟ್ಟಸೊಟ್ಟಗೆ ಬಿದ್ದಿತ್ತು. ಮುಖ ಕಾಣಿಸುವುದಿಲ್ಲ. ಆದರೆ ತಲೆಯ ಮೇಲೆ ಬಟ್ಟೆ ಇದೆ, ಅದರ ಒಂದು ಸೆರಗು ಭುಜದ ಮೇಲೆ ಇಳಿದಿದೆ.

ಹೆಂಗಸು. ಮುಸುಕು ಹಾಕಿಕೊಂಡು ಬರುತ್ತಾಳೆ. ದುರ್ಬೀನಮ್ಮನ ಪಿತ್ತ ನೆತ್ತಿಗೇರಿತು.

ಮರುದಿನ ಗಂಡ ಎದ್ದು ಮುಖ ತೊಳೆಯುವಾಗ ಏನೂ ಅರಿಯದವಳಂತೆ ಕೇಳಿದಳು.

"ಬೆಳಿಗ್ಗೆ ಯಾರಾದ್ರೂ ಬರ್ತಾರಾ ಮನೆಗೆ?"

"ಯಾರು ಬರ್ತಾರೆ? ನಾನು ಹೆಣದ ಹಾಗೆ ಬಿದ್ದಿರ್ತೀನಿ. ಯಾಕೆ?"

"ಸುಮ್ನೆ ಕೇಳ್ದೆ. ಅಡುಗೆಮನೆ ಬಾಗಿಲು ತೆಗೆದಿತ್ತು."

"ಅಪ್ಪ ತೆಗೆದಿರ್ಬೇಕು."

ಎಷ್ಟು ಸಲೀಸಾಗಿ ಅಪ್ಪನ ಮೇಲೆ ಹಾಕಿದ, ಎಂದುಕೊಂಡಳು ಆಕೆ.

ಇಲ್ಲಿ ಮಾವನ ವಿಷಯ ಒಂದೆರಡು ಮಾತು ಹೇಳಿಬಿಡಬೇಕು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಜೀವಮಾನ ಕಳೆದು ನಿವೃತ್ತರಾದವರು, ಅತ್ತೆ ತೀರಿಕೊಂಡ ಮೇಲೆ ಇವರ ಜೊತೆ ಬಂದು ಇದ್ದವರು. ಬಾಗಿಲ ಪಕ್ಕದ ಸಣ್ಣ ಕೋಣೆ ಅವರದು. ಸೊಸೆಗೂ ಅವರಿಗೂ ಜಗಳವಿಲ್ಲ, ಮಾತೂ ಇಲ್ಲ. ಇಬ್ಬರೂ ಗೋಡೆಗೆ ಹೇಳುವ ಪದ್ಧತಿ. "ಟೀ ಆಗಿದೆ," ಎಂದು ಆಕೆ ಗೋಡೆಗೆ ಹೇಳಿದರೆ, "ಸಕ್ಕರೆ ಕಮ್ಮಿಯಾದ್ರೂ ನಡೆಯುತ್ತೆ," ಎಂದು ಅವರು ಕಿಟಕಿಗೆ ಹೇಳುತ್ತಿದ್ದರು. ಮರ್ಯಾದೆಯಿಂದ ಶುರುವಾದದ್ದು ಅಭ್ಯಾಸವಾಗಿ, ಅಭ್ಯಾಸ ಗೋಡೆಯಾಗಿ ಬೆಳೆದಿತ್ತು. ಮಾವನ ಮುಖವನ್ನು ನೆಟ್ಟಗೆ ನೋಡಿ ಆಕೆಗೆ ಎಷ್ಟು ಕಾಲವಾಗಿತ್ತೋ. ತನ್ನ ಸಂಬಳ, ತನ್ನ ಕ್ಯಾಮೆರಾ, ಭಾನುವಾರದ ತಿರುಗಾಟ ಯಾವುದೂ ಮುದುಕರಿಗೆ ಹಿಡಿಸುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು.

ಆ ಎರಡು ವಾರ ದುರ್ಬೀನಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಗಂಡನ ಅಂಗಿ ಮೂಸಿ ನೋಡಿದಳು, ಮಸಿಯ ವಾಸನೆ ಬಿಟ್ಟರೆ ಇನ್ನೊಂದಿಲ್ಲ. ಸೋಫಾದ ಸಂದಿಯಲ್ಲಿ ಕೈಯಾಡಿಸಿ ತನ್ನದೇ ಕಳೆದುಹೋದ ಪಿನ್ನು ಸಿಕ್ಕಾಗ ಅದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಹೂವಿನಂಗಡಿಯ ಮುಂದೆ ಹಾದುಹೋಗುವಾಗ ಅಂಗಡಿಯಾಕೆ "ಬನ್ನಿ, ಬನ್ನಿ, ತಾಜಾ ಬಂದಿದೆ," ಎಂದು ಕೂಗಿದರೆ, ಆ ನಗುವಿನಲ್ಲೂ ಏನೋ ಮುಚ್ಚಿಟ್ಟಂತೆ ಕಂಡಿತು. ಲ್ಯಾಬಿನಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ನೇರವಾಗಿ ಕೇಳಿಬಿಡೋಣವೆಂದರೆ, ಹೌದು ಎಂದುಬಿಟ್ಟರೆ ಏನು ಗತಿ ಎಂಬ ಭಯ. ಆ ಮನೆ ಬಿಟ್ಟರೆ ಆಕೆಗೂ ಬೇರೆ ಮನೆ ಇರಲಿಲ್ಲ, ಆ ಗಂಡನ ಮೇಲೆ ಪ್ರೀತಿಯೂ ಇತ್ತು.

ಮುಂದಿನ ಭಾನುವಾರ ಗೋಡೆಯ ಮೇಲೆ ಮೂರನೆಯ ಚಿತ್ರ ಬಿತ್ತು.

ಬಾಗಿಲ ಪಕ್ಕದ ಮರದ ಹಲಗೆ, ಅದರಲ್ಲಿ ಮೂರು ಕೊಕ್ಕೆ. ಮೊದಲನೆಯದರಲ್ಲಿ ಮರುದಿನಕ್ಕೆಂದು ಒಗೆದು ಇಸ್ತ್ರಿ ಮಾಡಿದ ಬಿಳಿ ಲ್ಯಾಬ್ ಕೋಟು. ಎರಡನೆಯದರಲ್ಲಿ ಮಸಿ ಮೆತ್ತಿದ ಬಟ್ಟೆಯ ಚೀಲ. ಮೂರನೆಯದು ಖಾಲಿ. ಬಾಗಿಲ ಮೇಲಿನ ಗಾಜಿನಿಂದ ಬಂದ ಬೆಳಕು ಕೋಟಿನ ಮೇಲೆ ಬಿದ್ದು, ಅದರೊಳಗೆ ಯಾರೋ ನಿಂತಿದ್ದಾರೇನೋ ಎಂಬಂತೆ ಕಾಣುತ್ತಿತ್ತು.

ತನ್ನ ಕೋಟು. ತನ್ನ ಬಾಗಿಲು. ಹೆಂಡತಿ ಮನೆಯಲ್ಲಿಲ್ಲ, ಬರೀ ಕೋಟಿದೆ ಎಂದು ಯಾರೋ ಊರ ಮುಂದೆ ನಕ್ಕ ಹಾಗೆ ಆಕೆಗೆ ಅನಿಸಿತು.

"ಇದು ಬಹಳ ಪ್ರೀತಿಯಿಂದ ತೆಗೆದ ಚಿತ್ರ," ಎಂದಳು ಹೂವಿನಂಗಡಿಯಾಕೆ. "ಆ ಕೋಟಿನವರನ್ನ ಯಾರೋ ಕಾಯ್ತಿದ್ದಾರೆ."

ಅಷ್ಟೇ ಸಾಕಾಯಿತು. ದುರ್ಬೀನಮ್ಮ ಎದ್ದು ನಿಂತಳು. ಕಣ್ಣು ಗೋಡೆಯ ಮೇಲಿರಲಿಲ್ಲ, ಹಿಂದಿನ ಸಾಲಿನ ಮೇಲಿತ್ತು.

"ನಾನು ಹೇಳ್ತೀನಿ. ಕಂಡದ್ದು, ಬೇರೆಯವರ ಮನೆ. ಅನಿಸಿದ್ದು, ಕಳ್ಳತನ. ಮನೆಯವರು ಇಲ್ಲದಾಗ ಒಳಗೆ ಬಂದು, ಅವರ ವಸ್ತುವಿನ ಮೇಲೆಲ್ಲ ಕಣ್ಣು ಹಾಕಿ, ಅದಕ್ಕೆ ಕಲೆ ಅಂತ ಹೆಸರು ಬೇರೆ! ತಿದ್ದಬೇಕಾದದ್ದು ಒಂದೇ. ಇದನ್ನ ತೆಗೆದವರು ಆ ಮನೆ ಬಿಟ್ಟು ಹೋಗ್ಬೇಕು. ಆ ಮನೇಲಿ ಅವರಿಗೇನು ಕೆಲಸ? ಮಾನ ಮರ್ಯಾದೆ ಇದ್ರೆ ಇವತ್ತೇ ಹೋಗ್ಬೇಕು."

ಹೂವಿನಂಗಡಿಯಾಕೆ ಅಕ್ಕಪಕ್ಕ ನೋಡಿ, "ಅಯ್ಯೋ, ನನ್ನ ಮುಖ ನೋಡ್ಕೊಂಡು ಯಾಕ್ರೀ ಹೇಳ್ತೀರಾ? ನಾನು ಬರೀ ಹೂವಿನ ಫೋಟೊ ತೆಗೆಯೋಳು," ಎಂದಳು. ಆಕೆಯ ಮುಖ ನಿಜವಾಗಿಯೂ ಬೆಪ್ಪಾಗಿತ್ತು.

ಸಲೂನಿನವರ ಮುಖ ಮಾತ್ರ ಸುಣ್ಣದಂತೆ ಬೆಳ್ಳಗಾಗಿತ್ತು. ಹೊರಗೆ ಮೆಟ್ಟಿಲ ಹತ್ತಿರ ದುರ್ಬೀನಮ್ಮನನ್ನು ತಡೆದರು.

"ನೀವು ಹೇಳಿದ್ದನ್ನ ಅಳಿಸ್ಬಿಡ್ಲಾ? ಒಂದು ಸಲ ಯೋಚನೆ ಮಾಡಿ, ಅಕ್ಕಾ."

"ಒಂದಕ್ಷರ ಬಿಡದೆ ಕಳಿಸಿ. ಕಟ್ಟಳೆ ಕಟ್ಟಳೆನೇ."

"ಕಟ್ಟಳೆ ನಾನೇ ಮಾಡಿದ್ದು. ಆದ್ರೂ..."

"ಯಾರು ಅಂತ ಹೇಳ್ತೀರಾ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಕೆ ದಡದಡ ಮೆಟ್ಟಿಲಿಳಿದು ಹೋದಳು. ಸಲೂನಿನವರು ತುಂಬ ಹೊತ್ತು ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರಂತೆ. ಕೊನೆಗೆ ಕಟ್ಟಳೆಯೇ ಗೆದ್ದಿತು.

ಆಕೆ ನೇರ ಮನೆಗೆ ಹೋಗಲಿಲ್ಲ. ಸಿಟ್ಟು ಇಳಿಯಲಿ ಎಂದು ಬೀದಿ ಬೀದಿ ಸುತ್ತಿದಳು. ಗಂಡ ಬಂದರೆ ಇವತ್ತು ಕೇಳಿಯೇಬಿಡುವುದೆಂದು ಮಾತುಗಳನ್ನು ಜೋಡಿಸಿಕೊಂಡಳು. ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಗಂಡ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದ, ಎರಡನೆಯ ಕೊಕ್ಕೆಯಲ್ಲಿ ಚೀಲವಿರಲಿಲ್ಲ. ಚಪ್ಪಲಿ ಬಿಡುತ್ತಿದ್ದವಳಿಗೆ ಹೆಂಗಸಿನ ದನಿ ಕೇಳಿಸಿತು.

ಮಾವನ ಕೋಣೆಯಿಂದ. ಮೈಯೆಲ್ಲ ಕಿವಿಯಾಗಿ ನಿಂತಳು.

"...ತೆಗೆದವರು ಆ ಮನೆ ಬಿಟ್ಟು ಹೋಗ್ಬೇಕು. ಆ ಮನೇಲಿ ಅವರಿಗೇನು ಕೆಲಸ?"

ಅದು ತನ್ನದೇ ದನಿ. ತನಗೇ ಇಷ್ಟವಾಗದಷ್ಟು ಹರಿತವಾಗಿತ್ತು. ಆಮೇಲೆ ಮತ್ತೆ ಅದೇ ದನಿ, ಆದರೆ ಮೆತ್ತಗೆ, ಹಳೆಯದು: "ಕಾಯೋದು ಗೊತ್ತಿರೋ ಕೈ ಇದು. ಈ ಕೈಯವರು ಇನ್ನಷ್ಟು ಚಿತ್ರ ತೆಗೀಬೇಕು."

ಭೂಮಿ ಬಾಯಿ ಬಿಡಬಾರದೇ ಅನಿಸಿತು ಆಕೆಗೆ.

ಬಾಗಿಲು ಅರ್ಧ ತೆರೆದಿತ್ತು. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗ ಬೇಡವೆಂದು ಕೊಟ್ಟ ಹಳೆಯ ಫೋನು. ತಲೆಗೆ ಟವೆಲ್ಲು ಸುತ್ತಿದ್ದರು, ಒಂದು ತುದಿ ಭುಜದ ಮೇಲೆ ಇಳಿದಿತ್ತು. ಚಳಿಗೆಂದು ದಿನಾ ಬೆಳಿಗ್ಗೆ, ಹೊರಗೆ ಹೊರಡುವಾಗಲೆಲ್ಲ ಅವರು ಹಾಗೆ ಸುತ್ತಿಕೊಳ್ಳುವುದನ್ನು ಆಕೆ ದಿನಾ ಕಂಡಿದ್ದಳು, ಒಂದು ದಿನವೂ ನೋಡಿರಲಿಲ್ಲ. ಮಂಚದ ಮೇಲೆ ಅವರ ಕೈಚೀಲ ಬಾಯ್ತೆರೆದಿತ್ತು, ಅದರಲ್ಲಿ ಮಡಿಸಿಟ್ಟ ಎರಡು ಅಂಗಿ.

ಅವರು ಕಿಟಕಿಗೆ ಹೇಳಿದರು, "ಮಗಳ ಮನೇಲಿ ಕೆಲವು ದಿನ ಇದ್ದು ಬರ್ತೀನಿ. ಅವನು ಬಂದಾಗ ತಿಳಿಸಿದ್ರೆ ಆಯ್ತು."

"ಮಾವ," ಎಂದಳು ಆಕೆ. "ನಿಮ್ಮದು ಅಂತ ನನಗೆ ಗೊತ್ತಿರ್ಲಿಲ್ಲ. ಚಿತ್ರ ತುಂಬ ಚೆನ್ನಾಗಿದೆ. ನಿಜವಾಗ್ಲೂ."

ಅವರು ಅಂಗಿಯ ಕಾಲರನ್ನು ಸರಿಮಾಡುತ್ತ ನಕ್ಕರು, ಸಂತೋಷದ ನಗುವಲ್ಲ.

"ಸಲೂನಿನವನು ಹೇಳಿದ್ದ. ಹೆಸರು ಗೊತ್ತಿಲ್ಲದಾಗ ಹೇಳಿದ್ದೇ ನಿಜ, ಗೊತ್ತಾದ್ಮೇಲೆ ಹೇಳೋದು ಮರ್ಯಾದೆ ಅಂತ. ಅದಕ್ಕೇ ನಾನು ಕಳಿಸಿದ್ದು. ಇಲ್ಲಿ ಯಾರೂ ನನಗೆ ನಿಜ ಹೇಳಲ್ವಲ್ಲ." ಚೀಲದ ಬಾಯಿ ಎಳೆದರು. "ಹೇಳಿ ಆಯ್ತಲ್ಲ. ಬೇಜಾರಿಲ್ಲ."

ದುರ್ಬೀನಮ್ಮ ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಆಡಿದ್ದು ಸುಳ್ಳೆಂದರೆ ಅವರು ನಂಬುವುದಿಲ್ಲ. ಯಾಕೆ ಆಡಿದೆನೆಂದು ಹೇಳಬೇಕೆಂದರೆ, ನಿಮ್ಮ ಮಗನಿಗೆ ಇನ್ನೊಬ್ಬಳಿದ್ದಾಳೆಂದುಕೊಂಡೆ ಎಂದು ಮಾವನ ಮುಂದೆ ಬಾಯಿಬಿಟ್ಟು ಹೇಳಬೇಕು. ಯಾವ ಸೊಸೆಯ ಬಾಯಲ್ಲಿ ಬರುವ ಮಾತು ಅದು? ಮಾವ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಯಾರೋ ಹೆಂಗಸು ಅಂದ್ಕೊಂಡೆ," ಎಂದಳು. ಮುಖ ಕೆಂಡವಾಗಿತ್ತು. "ನಾನು ಇಲ್ಲದಾಗ ಬರ್ತಾಳೆ, ಅವರು ಮಲಗಿರುವಾಗ ಪಕ್ಕ ಕೂರ್ತಾಳೆ ಅಂದ್ಕೊಂಡೆ. ಕೆಟಲ್ಲಿನಲ್ಲಿ ನಿಮ್ಮ ಟವೆಲ್ಲು ನೋಡಿ ಮುಸುಕು ಅಂದ್ಕೊಂಡೆ. ನಿಮ್ಮನ್ನ ಅಲ್ಲ ಮಾವ, ಅವಳನ್ನ ಮನೆ ಬಿಟ್ಟು ಹೋಗು ಅಂದಿದ್ದು. ಅವಳು ಇರ್ಲೇ ಇಲ್ಲ."

ಮಾವ ಟವೆಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಆಕೆಯ ಮುಖ ನೋಡಿದರು, ಕಿಟಕಿಯನ್ನಲ್ಲ.

"ಫೋನಿನಲ್ಲಿ, ನನ್ನ ಮುಖ ನೋಡ್ಕೊಂಡು ಯಾಕೆ ಅಂತಿದ್ದಳಲ್ಲ, ಆ ಹೂವಿನಂಗಡಿಯವಳಾ?"

ಆಕೆ ತಲೆ ತಗ್ಗಿಸಿದಳು.

"ಅವನು ಮಲಗಿದ್ರೆ ಮನೆಗೆ ಬೆಂಕಿ ಬಿದ್ರೂ ಏಳಲ್ಲ. ಅವಳು ಬಂದು ಏನು ಮಾಡ್ಬೇಕು, ಗೊರಕೆ ಕೇಳ್ಬೇಕಾ?" ಅವರ ಹೊಟ್ಟೆ ಕುಲುಕಿತು. ಆದರೆ ಚೀಲ ಹೆಗಲಿನಿಂದ ಇಳಿಯಲಿಲ್ಲ. ನಗು ನಿಂತ ಮೇಲೆ ಮೆಲ್ಲಗೆ ಅಂದರು, "ಅದು ಸರಿ. ಆದ್ರೆ ಚಿತ್ರದ ಬಗ್ಗೆ ನಿಜ ಏನು ಅಂತ ಇನ್ನು ನನಗೆ ಹೇಗೆ ಗೊತ್ತಾಗ್ಬೇಕು?"

ಆಕೆ ಮಂಚದ ಮೇಲಿನ ಫೋನು ತೆಗೆದುಕೊಂಡು ಕೊಕ್ಕೆಗಳ ಚಿತ್ರ ತೆರೆದಳು. ಅದನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದಳು.

"ಕೂತ್ಕೊಳ್ಳಿ. ತೆಗೆದವರು ಮಾತಾಡೋ ಹಾಗಿಲ್ಲ."

ಮಾವ ಕೂತರು. ಚೀಲ ತೊಡೆಯ ಮೇಲೆ ಬಂತು.

ಆಕೆ ತುಂಬ ಹೊತ್ತು ನೋಡಿದಳು. ಈ ಎರಡು ವಾರಗಳಲ್ಲಿ ನೋಡಿದ ಹಾಗಲ್ಲ. "ಕಂಡದ್ದು," ಎಂದಳು, "ಒಂದು ಕೋಟು, ಒಂದು ಚೀಲ. ಹೋದವರ ಕೋಟು, ಬಂದವರ ಚೀಲ. ಈ ಮನೇಲಿ ಇಬ್ಬರೂ ಒಟ್ಟಿಗೆ ಇರೋದು ಕೊಕ್ಕೆ ಮೇಲೆ ಮಾತ್ರ ಅಂತ ಯಾರೋ ಗಮನಿಸಿದ್ದಾರೆ. ಅನಿಸಿದ್ದು, ನಾಚಿಕೆ. ನನ್ನ ಕೋಟನ್ನ ಇಷ್ಟು ಅಕ್ಕರೆಯಿಂದ ಯಾರೂ ನೋಡಿರ್ಲಿಲ್ಲ. ನಾನೂ ಕೂಡ." ಫೋನಿನ ಹತ್ತಿರಕ್ಕೆ ಬಾಗಿದಳು. "ತಿದ್ದಬೇಕಾದದ್ದು ಎರಡು. ಹಲಗೆ ಬಲಕ್ಕೆ ವಾಲಿದೆ, ಫೋನು ನೆಟ್ಟಗೆ ಹಿಡಿದಿಲ್ಲ."

ಮಾವನ ಹುಬ್ಬು ಮೇಲೇರಿತು. ಮುಂದಕ್ಕೆ ಬಾಗಿ ಚಿತ್ರ ನೋಡಿದರು. ಲೇತಿನ ಮುಂದೆ ಜೀವಮಾನವೆಲ್ಲ ಅಳತೆ ನೋಡಿದ ಕಣ್ಣು ಅದು. ವಾಲಿದ್ದು ನಿಜವೇ ಆಗಿತ್ತು.

"ಎರಡನೆಯದು, ಮೂರನೆಯ ಕೊಕ್ಕೆ ಖಾಲಿ ಬಿಟ್ಟಿದ್ದು. ಅದು ಟವೆಲ್ಲಿನ ಕೊಕ್ಕೆ. ಇಬ್ಬರೇ ಇರೋ ಮನೆ ಅಂತ ಈ ಚಿತ್ರ ಸುಳ್ಳು ಹೇಳುತ್ತೆ."

ಮಾವ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಡಿಸಿದರು. ಎದ್ದು, ಅದನ್ನು ಕೈಯಲ್ಲಿ ಹಿಡಿದೇ ಆಕೆಯನ್ನು ದಾಟಿ ಬಾಗಿಲ ಕಡೆಗೆ ಹೋದರು. ಹೊರಟೇಬಿಟ್ಟರೇನೋ ಎಂದು ಆಕೆಯ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಚೀಲ ಮಂಚದ ಮೇಲೆಯೇ ಉಳಿದಿತ್ತು.

ಕೊಕ್ಕೆಗಳ ಹತ್ತಿರದಿಂದ ಮಾವನ ದನಿ ಕೇಳಿಸಿತು. ಗೋಡೆಗೆ ಹೇಳಿದ್ದಲ್ಲ.

"ಬೆಳಿಗ್ಗೆ ಇನ್ನೊಂದು ಸಲ ತೆಗೀತೀನಮ್ಮ. ಅವನು ಚೀಲ ತಂದು ಹಾಕಿದ ಮೇಲೆ. ನೀನು ಸ್ವಲ್ಪ ತಡವಾಗಿ ಹೋಗೋಕಾಗುತ್ತಾ? ನೆಟ್ಟಗಿದೆಯಾ ಅಂತ ಹೇಳೋಕೆ ಯಾರಾದ್ರೂ ಬೇಕು."